ಸಣ್ಣ ಅಲೆ, ಉದ್ದ ಹಲಗೆ: ಒಂದು ಸಿಂಹಾವಲೋಕನ

ಸರ್ಫಿಂಗ್‌ನ ಕಥೆಯನ್ನು ಲೋಕ ಬಹುಮಟ್ಟಿಗೆ ಎತ್ತರದ ಲೆಕ್ಕದಲ್ಲೇ ಹೇಳಿಕೊಂಡು ಬಂದಿದೆ. ಅಲೆ ಎಷ್ಟು ಅಡಿ, ಅದನ್ನೇರಿದವರು ಯಾರು ಎಂಬುದೇ ಸುದ್ದಿ. ಸೊಂಟದೆತ್ತರದ ಅಲೆಯ ಮೇಲೆ ಒಂಬತ್ತು ಅಡಿಯ ಲಾಂಗ್‌ಬೋರ್ಡ್ ಹತ್ತಿ ಸಾವಕಾಶವಾಗಿ ದಡ ಸೇರುವವರು ಆ ಸುದ್ದಿಯಲ್ಲಿ ಇರುವುದಿಲ್ಲ. ಆದರೆ ಹಿಂತಿರುಗಿ ನೋಡಿದರೆ, ಈ ಆಟವನ್ನು ಜನಸಾಮಾನ್ಯರ ಕೈಗೆ ಕೊಟ್ಟದ್ದು ಉದ್ದ ಹಲಗೆ ಮತ್ತು ಸೌಮ್ಯ ಅಲೆಗಳೇ.

ಹವಾಯಿಯ ವೈಕಿಕಿ ತೀರದಲ್ಲಿ ಅಲೆಗಳು ದೂರದಲ್ಲೇ ಎದ್ದು ಮೆಲ್ಲಗೆ ಒಡೆಯುತ್ತ ಬರುತ್ತವೆ. ಅಲ್ಲಿ ಭಾರದ ಮರದ ಹಲಗೆಗಳ ಮೇಲೆ ಪಳಗಿದ ಡ್ಯೂಕ್ ಕಹಾನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದರು. 1914–15ರಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಅಲೆ ಏರಿ ತೋರಿಸಿ ಆಸ್ಟ್ರೇಲಿಯಕ್ಕೆ ಹುಚ್ಚು ಹಿಡಿಸಿದರು. 1950ರ ದಶಕದಲ್ಲಿ ಹಗುರವಾದ ಬೋರ್ಡ್‌ಗಳು ಬಂದ ಮೇಲೆ ಕ್ಯಾಲಿಫೋರ್ನಿಯದ ಮಾಲಿಬು ತೀರ ಯುವಜನರಿಂದ ತುಂಬಿತು.

1967ರ ಸುಮಾರಿಗೆ ಗಾಳಿ ತಿರುಗಿತು. ಕೆಲವೇ ವರ್ಷಗಳಲ್ಲಿ ಬೋರ್ಡ್‌ಗಳು ಏಳು ಅಡಿಗಿಂತ ಕೆಳಗಿಳಿದವು. ಕಡಿದಾದ ಅಲೆಯಲ್ಲಿ ಥಟ್ಟನೆ ತಿರುಗುವುದೇ ಹಿರಿಮೆಯಾಯಿತು, ಉದ್ದ ಹಲಗೆ ಹಳೆಯ ಕಾಲದ್ದೆನಿಸಿತು. ಆ ಬದಲಾವಣೆಯ ಮುಂಚೂಣಿಯಲ್ಲಿದ್ದ ಆಸ್ಟ್ರೇಲಿಯದ ನ್ಯಾಟ್ ಯಂಗ್ ಅವರೇ 1986ರಿಂದ 1990ರ ನಡುವೆ ನಾಲ್ಕು ಸಲ ಲಾಂಗ್‌ಬೋರ್ಡ್ ವಿಶ್ವ ಚಾಂಪಿಯನ್ ಆದರು. 1998 ಮತ್ತು 2004ರಲ್ಲಿ ಇದೇ ಪಟ್ಟ ಗೆದ್ದಿದ್ದ ಜೋಯಲ್ ಟ್ಯೂಡರ್ 2021ರಲ್ಲಿ, ನಲವತ್ತು ದಾಟಿದ ಮೇಲೆ, ಅದೇ ಮಾಲಿಬುವಿನಲ್ಲಿ ಮತ್ತೆ ಪಟ್ಟವೇರಿದರು. ವಯಸ್ಸು ಇಲ್ಲಿ ಅಡ್ಡಿಯಲ್ಲ.

ಇದರ ಗುಟ್ಟು ನೀರಿನ ನಿಯಮದಲ್ಲಿದೆ. ಸಣ್ಣ ಅಲೆಯಲ್ಲಿ ಶಕ್ತಿ ಕಡಿಮೆ. ಅಗಲವಾದ ಉದ್ದ ಹಲಗೆ ಸವಾರನನ್ನು ಚೆನ್ನಾಗಿ ತೇಲಿಸುತ್ತದೆ, ಅಲೆ ಒಡೆಯುವ ಮುನ್ನವೇ ಅದನ್ನು ಹಿಡಿಯುತ್ತದೆ, ಕಡಿಮೆ ವೇಗದಲ್ಲೂ ನೀರಿನ ಮೇಲೆ ಜಾರುತ್ತದೆ. ಆಮೇಲೆ ಸವಾರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬೋರ್ಡ್‌ನ ಮುಂತುದಿಗೆ ನಡೆಯುತ್ತಾನೆ. ಹಿಂಬದಿಯ ಮೇಲೆ ಹರಿಯುವ ನೀರು ಅದನ್ನು ಒತ್ತಿ ಹಿಡಿಯುವುದರಿಂದ ಮುಂತುದಿ ಮುಳುಗುವುದಿಲ್ಲ. ಹತ್ತೂ ಬೆರಳುಗಳನ್ನು ಅಂಚಿನಾಚೆ ಚಾಚಿ ನಿಲ್ಲುವ 'ಹ್ಯಾಂಗ್ ಟೆನ್' ಸಾಧ್ಯವಾಗುವುದು ಹೀಗೆ. ವಿಳಂಬ ಕಾಲದ ಗಾಯನದಲ್ಲಿ ಅಪಸ್ವರ ಅಡಗುವುದಿಲ್ಲ. ಹಾಗೆಯೇ ಈ ಸವಾರಿಯಲ್ಲಿ ಒಂದು ಒರಟು ಹೆಜ್ಜೆಯೂ ಎದ್ದು ಕಾಣುತ್ತದೆ. ಇದು ಸುಲಭದ ಆಟವೆನ್ನುವವರು ಈ ಶಿಸ್ತನ್ನು ಗಮನಿಸಬೇಕು.

ಜೊತೆಗೆ ಹೊಣೆಯೂ ಇದೆ. ಲಾಂಗ್‌ಬೋರ್ಡ್ ಏರಿದವರಿಗೆ ಎಲ್ಲರಿಗಿಂತ ಮೊದಲು ಅಲೆ ಸಿಗುತ್ತದೆ. ಪ್ರತಿಯೊಂದನ್ನೂ ತಾವೇ ಬಾಚಿಕೊಳ್ಳುವುದು ಅನ್ಯಾಯ. ಜನರ ನಡುವೆ ಭಾರದ ಬೋರ್ಡನ್ನು ಕೈಬಿಡುವುದು ಅಪಾಯ.

ನಮ್ಮ ಕರಾವಳಿಗೆ ಈ ಕಥೆ ದೂರದ್ದಲ್ಲ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಕೋಡಿ ಬೆಂಗ್ರೆಯಲ್ಲಿ ಶಾಕ ಸರ್ಫ್ ಕ್ಲಬ್ ಹುಟ್ಟಿತು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಮುಂಗಾರಿನ ಕಡಲಿಗೆ ಇಳಿಯುವುದು ನುರಿತವರಿಗೂ ಸವಾಲು. ಆದರೆ ಮಳೆಗಾಲ ಕಳೆದ ಮೇಲೆ ತಿಂಗಳುಗಟ್ಟಲೆ ಇಲ್ಲಿ ಸಣ್ಣ, ಮೆದು ಅಲೆಗಳೇ ಹೆಚ್ಚು. ಅವನ್ನು ಕೊರತೆಯೆಂದು ಎಣಿಸಬೇಕಿಲ್ಲ.

ಎರಡು ದಶಕಗಳ ಈ ಪಯಣದಲ್ಲಿ ನಾವು ಹೆಮ್ಮೆಪಡುವಷ್ಟು ಸ್ಪರ್ಧಿಗಳು ಬಂದಿದ್ದಾರೆ. ಇನ್ನು ಗುರಿ ವಿಸ್ತಾರವಾಗಬೇಕು. ಮೀನುಗಾರ ಕುಟುಂಬದ ಹುಡುಗಿಯರು, ಐವತ್ತು ದಾಟಿದವರು, ಈಜು ಕಲಿತು ಈಗಷ್ಟೇ ಅಲೆಗಿಳಿಯುವ ಒಳನಾಡಿನವರು, ಇವರೆಲ್ಲರಿಗೂ ಉದ್ದ ಹಲಗೆಯೇ ಸರಿಯಾದ ಹೆಬ್ಬಾಗಿಲು. ಕ್ಲಬ್‌ಗಳು ಅದನ್ನು ಕಲಿಕೆಯ ಮೊದಲ ಮೆಟ್ಟಿಲೆಂದು ಬಳಸಿ ಅಲ್ಲಿಗೇ ಬಿಡದೆ, ಪೂರ್ಣ ಕಲೆಯಾಗಿ ಕಲಿಸಲಿ. ಸ್ಪರ್ಧೆ ನಡೆಸುವವರು ಅದಕ್ಕೆ ಸಮಾನ ಗೌರವ ಕೊಡಲಿ. ನಮ್ಮ ಕಡಲು ವರ್ಷದ ಬಹುಭಾಗ ಕೊಡುವ ಅಲೆಗೆ ತಕ್ಕ ಆಟವನ್ನು ಬೆಳೆಸಿದರೆ, ಸರ್ಫಿಂಗ್ ಇಲ್ಲಿ ಬೇರುಬಿಡುತ್ತದೆ.