ನಾಯಿಮರಿಯ ಶಿಕ್ಷಣ
2005ರಲ್ಲಿ ಭಾರತದ ಅಂಚೆಚೀಟಿಯನ್ನೇರಿದ ಮುಧೋಳ ತಳಿಯ ಎರಡು ತಿಂಗಳ ಮರಿಯೊಂದು ಗಿಣಿಗೇರಾದ ನಮ್ಮ ಮನೆಗೆ ಬಂದಿತು. ಮೂರನೆಯ ದಿನ ಅದು ಪಡಸಾಲೆಯನ್ನು ಒದ್ದೆಮಾಡಲು, ನಾವು ಹಿಂದೆ ಹುಡುಗರ ಮೇಲೆ ನಡೆಸಿದ ಬೆತ್ತವನ್ನೇ ಅದರ ಮೇಲೂ ನಡೆಸಿದೆವು. ಅದರಿಂದ ಅದು ಕಲಿತದ್ದಿಷ್ಟೆ: ಆ ಕಾರ್ಯವನ್ನು ಜೋಳದ ಚೀಲಗಳ ಮರೆಯಲ್ಲಿ, ನಾವು ಕಾಣದಂತೆ ಮುಗಿಸುವುದು.

ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಸರಮೆಯ ಮರಿಯನ್ನು ಯಜ್ಞಭೂಮಿಯಲ್ಲಿ ಹೊಡೆದರಷ್ಟೆ. ಹವಿಸ್ಸನ್ನು ನೆಕ್ಕದ, ನೋಡಲೂ ನೋಡದ ಮರಿಗೆ ಏಟೇಕೆಂದು ತಾಯಿ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಈ ಭಾಗವನ್ನು ಎಷ್ಟೋ ವರ್ಷ ಬೋಧಿಸಿದವರು ನಾವೇ!

ಮರಿ ಸಾಕುವ ವಾಚಕರು ತಿಳಿಯತಕ್ಕದ್ದೇನೆಂದರೆ, ಈ ವಯಸ್ಸಿನ ಮರಿಯು ಹಗಲಿನಲ್ಲಿ ಎರಡು ಮೂರು ಗಂಟೆಗಳಿಗಿಂತ ಹೆಚ್ಚು ತಡೆದುಕೊಳ್ಳಲಾರದು. ಅದು ಹಟವಲ್ಲ, ದೇಹದ ಅಶಕ್ತಿ. ಊಟದ ಹೊತ್ತು ನಿಯತವಾಗಿರಲಿ. ನಿದ್ರೆಯಿಂದ ಎದ್ದೊಡನೆ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ದಣಿದಾಗ, ರಾತ್ರಿ ಮಲಗುವ ಮುನ್ನ ಹಿತ್ತಿಲಿನ ಒಂದೇ ಸ್ಥಳಕ್ಕೆ ಒಯ್ಯಬೇಕು. ಅಲ್ಲಿ ಮುಗಿಸಿದ ಕ್ಷಣವೇ ಮೈದಡವಿ ರೊಟ್ಟಿಯ ಚೂರು ಕೊಡಬೇಕು. ತಡವಾದರೆ ಬಹುಮಾನವೇತಕ್ಕೆಂದು ಅದಕ್ಕೆ ತಿಳಿಯದು. ಒಳಗೆ ಮಾಡಿದಲ್ಲಿ ವಾಸನೆ ಉಳಿದರೆ ಮರಿ ಅಲ್ಲಿಗೇ ಮರಳುವುದರಿಂದ, ಅದು ಪೂರ್ಣ ಹೋಗುವಂತೆ ತೊಳೆಯತಕ್ಕದ್ದು.

ಹದಿನೈದು ದಿನಗಳಲ್ಲಿ ನಮ್ಮ ಮರಿ ಹಿತ್ತಿಲಿನ ಬಾಗಿಲಲ್ಲಿ ನಿಂತು ಕುಂಯ್‌ಗುಡತೊಡಗಿತು. ಬೆತ್ತ ಅಟ್ಟವನ್ನು ಸೇರಿದೆ. ಆದರೂ ನಾವು ಊರುಗೋಲನ್ನು ಕೈಗೆತ್ತಿಕೊಂಡರೆ ಅದು ಇಂದಿಗೂ ಚೀಲಗಳ ಮರೆಗೆ ಸರಿಯುತ್ತದೆ.