ಕಾಯಕ ಚಿಂತನ: ಕಲಿಸಿದ ಮೇಲೆ ಲೆಕ್ಕ

ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಕಂಡರೆಂಬುದನ್ನು ನಾವು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಹೇಳುತ್ತೇವೆ, ಕೇಳುತ್ತೇವೆ. ಆದರೆ ಆ ಕಾಯಕವನ್ನು ಮಾಡುವವನಿಗೆ ಯಾರು ಕಲಿಸಬೇಕು, ಅದು ನೇರವಾಗಿ ನಡೆದಿದೆಯೆಂಬುದು ಅವನಿಗೇ ತಿಳಿಯುವ ಬಗೆ ಯಾವುದು ಎಂಬ ವಿಚಾರ ಚರ್ಚೆಗೆ ಬರುವುದು ವಿರಳ. ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ, ಹುಬ್ಬಳ್ಳಿ, ಪೀಣ್ಯಗಳ ಲೇತ್ ಶೆಡ್ಡುಗಳಲ್ಲಿ ಮಾಲೀಕರಾಗಿಯೂ ನಮ್ಮವರಿದ್ದಾರೆ, ಕೆಲಸಗಾರರಾಗಿಯೂ ನಮ್ಮ ಮನೆಗಳ ಮಕ್ಕಳಿದ್ದಾರೆ. ಆದ್ದರಿಂದ ಈ ವಿಚಾರ ನಮಗೆ ದೂರದ್ದಲ್ಲ.

ಇಂತಹ ಅನೇಕ ಕಡೆ ಗೋಡೆಗೊಂದು ಹಲಗೆಯನ್ನು ತೂಗುಹಾಕುವ ರೂಢಿ ಬಂದಿದೆ. ಇಂದಿನ ಗುರಿ ಇಷ್ಟು, ಆದದ್ದು ಇಷ್ಟು, ಕೆಟ್ಟ ಮಾಲು ಇಷ್ಟು ಎಂದು ಅದರ ಮೇಲೆ ಬರೆದಿರುತ್ತದೆ. ಈ ಪದ್ಧತಿಯ ಒಂದು ಮುಖ್ಯ ಬೇರು ಮಗ್ಗದ ಮನೆಯಲ್ಲಿದೆ ಎಂದರೆ ಜೇಡರ ದಾಸಿಮಯ್ಯನನ್ನು ನೆನೆಯುವ ನಮ್ಮ ನೇಕಾರ ಬಂಧುಗಳಿಗೆ ಸಂತೋಷವಾದೀತು. ಜಪಾನಿನ ಸಕಿಚಿ ಟೊಯೋಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗವು ನೂಲು ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಒಂದು ಎಳೆ ಹರಿದದ್ದು ಕಣ್ಣಿಗೆ ಬೀಳದೆ ಹೋದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆಂಬುದನ್ನು ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆತನದವರೇ ಮುಂದೆ ಟೊಯೋಟಾ ಕಾರಿನ ಕಂಪನಿಯನ್ನು ಕಟ್ಟಿದರು. ಅಲ್ಲಿ ಕಾರುಗಳು ಸಾಲಾಗಿ ಸಾಗುವ ಜಾಗದಲ್ಲಿ ಪ್ರತಿ ಕೆಲಸಗಾರನ ಕೈಗೆಟಕುವಂತೆ ಒಂದು ಹಗ್ಗ. ತಪ್ಪು ಕಂಡೊಡನೆ ಅದನ್ನು ಜಗ್ಗಿದರೆ ಮೇಲಿನ ಹಲಗೆಯಲ್ಲಿ ದೀಪ ಹೊತ್ತಿ, ತೊಂದರೆ ಯಾವ ಜಾಗದಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ. ತಂಡದ ಮುಖ್ಯಸ್ಥ ನೆರವಿಗೆ ಧಾವಿಸುತ್ತಾನೆ. ಗೊತ್ತಾದ ಅವಧಿಯೊಳಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆ ಹಲಗೆಯನ್ನು ಅವರು 'ಆಂಡಾನ್' ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಅದು ಕಾಗದದ ದೀಪದ ಹೆಸರು.

ಈ ದೀಪದ ಫಲವೇನೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರ್ಖಾನೆಯಿತ್ತು. ನಿತ್ಯವೂ ಸುಮಾರು ನೂರಕ್ಕೆ 20 ಜನ ಕೆಲಸಕ್ಕೇ ಬರುತ್ತಿರಲಿಲ್ಲ. ತಪ್ಪಾದ ಕಾರನ್ನು ಕಂಡೂ ಮುಂದಕ್ಕೆ ತಳ್ಳುತ್ತಿದ್ದರು. ಸಾಲನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೋಟಾ ಪಾಲುದಾರಿಕೆಯಲ್ಲಿ 'ನ್ಯೂಮಿ' ಎಂಬ ಹೆಸರಿನಿಂದ ಮತ್ತೆ ತೆರೆದಾಗ ಒಳಗೆ ಬಂದವರಲ್ಲಿ ಬಹುಪಾಲು ಜನ ಅದೇ ಹಳೆಯ ಕೆಲಸಗಾರರು, ಅದೇ ಸಂಘದವರು. ಹಲಗೆ ತೂಗುಹಾಕುವ ಮೊದಲು ಅವರಲ್ಲಿ ನೂರಾರು ಜನರನ್ನು ಜಪಾನಿನ ತಕಾವೋಕಾ ಕಾರ್ಖಾನೆಗೆ ಕಳಿಸಿ, ಅಲ್ಲಿಯವರ ಪಕ್ಕದಲ್ಲೇ ನಿಲ್ಲಿಸಿ ಕೆಲಸ ಕಲಿಸಲಾಯಿತು. ಆಮೇಲೆ ಹಗ್ಗವನ್ನು ಕೈಗಿತ್ತರು.

ಮುಂದೆ ಅಮೆರಿಕದ ಎಂ.ಐ.ಟಿ. ವಿದ್ವಾಂಸರು ಅಳೆದು ನೋಡಿದರು. ಒಂದು ಕಾರನ್ನು ಜೋಡಿಸಲು ಜನರಲ್ ಮೋಟಾರ್ಸಿನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 1986ರಲ್ಲಿ 31 ಗಂಟೆಗಳ ದುಡಿಮೆ ಬೇಕಾಗುತ್ತಿದ್ದರೆ, 1987ರಲ್ಲಿ ನ್ಯೂಮಿಯಲ್ಲಿ 19 ಗಂಟೆಗಳು ಸಾಕಾಗಿದ್ದವು. ಜೋಡಣೆಯ ದೋಷಗಳು 100 ಕಾರುಗಳಿಗೆ 45, ತಕಾವೋಕಾದಲ್ಲೂ ಅಷ್ಟೇ. ಜನ ಅವರೇ, ಕೈಗಳೂ ಅವೇ ಎಂಬುದನ್ನು ವಾಚಕರು ಗಮನಿಸಬೇಕು. ಆ ಕಾರ್ಖಾನೆಯೂ 2010ರಲ್ಲಿ ಮುಚ್ಚಿತೆನ್ನುವುದು ನಿಜ. ಪಾಲುದಾರ ಕಂಪನಿ ದಿವಾಳಿಯೆದ್ದು ಹೊರನಡೆದರೆ ಯಾವ ಹಲಗೆಯೂ ಅದನ್ನು ತಡೆಯಲಾರದು.

ಕಲಿಸುವ ಬಗೆಯನ್ನು ಜಪಾನೀಯರು ಕಲಿತದ್ದಾದರೂ ಅಮೆರಿಕದಿಂದಲೇ ಎಂಬುದು ವಿಚಿತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸಬರನ್ನು ಬೇಗ ತರಬೇತುಗೊಳಿಸಲು ಅಲ್ಲಿಯ ಸರಕಾರ ಒಂದು ಕ್ರಮವನ್ನು ರೂಪಿಸಿತ್ತು. ಕಲಿಯುವವನನ್ನು ಮೊದಲು ಅಣಿಗೊಳಿಸುವುದು, ಕೆಲಸವನ್ನು ಬಿಡಿಬಿಡಿಯಾಗಿ ಮಾಡಿ ತೋರಿಸುವುದು, ಅವನಿಂದಲೇ ಮಾಡಿಸಿ ಅವನ ಬಾಯಿಂದಲೇ ಹೇಳಿಸುವುದು, ಆಮೇಲೂ ಬಿಡದೆ ಹೋಗಿ ವಿಚಾರಿಸುವುದು. ಕಲಿಯದಿದ್ದರೆ ಹೊಣೆ ಕಲಿಸಿದವನದು. ನಮ್ಮ ಅಜ್ಜಿಯರು ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಕಲಿಸಿದ್ದು ಬಹುಮಟ್ಟಿಗೆ ಹೀಗೆಯೇ. ನಮ್ಮ ಶೆಡ್ಡುಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನ ಸಿಗುವುದು ಕಸಬರಿಗೆ, ಎರಡನೆಯ ದಿನ ಬೈಗುಳ.

ಕಲಿಸದೆ ತೂಗುಹಾಕಿದ ಹಲಗೆ ಚಾವಟಿಯಾಗುತ್ತದೆ. ಹೆಸರಿನ ಮುಂದೆ ಕೆಂಪು ಗುರುತು ಬಿದ್ದರೆ ಕೂಲಿ ಕಡಿತವೆಂದು ಅರಿತ ಹುಡುಗ ಕೆಟ್ಟ ಎರಕವನ್ನು ಮೂಲೆಯಲ್ಲಿ ಮುಚ್ಚಿಡುತ್ತಾನೆ. ಹಲಗೆಯ ಮೇಲೆ ಅಂಕಿ ಚೆನ್ನಾಗಿರುತ್ತದೆ, ಗಿರಾಕಿಯಿಂದ ಮಾಲು ಮರಳಿ ಬರುತ್ತದೆ. ಆದಕಾರಣ ಹಲಗೆಯಲ್ಲಿ ವ್ಯಕ್ತಿಯ ಹೆಸರೇ ಬೇಡವೆಂಬುದು ನಮ್ಮ ಅಭಿಪ್ರಾಯ. ಯಾವ ಯಂತ್ರ, ಯಾವ ತೊಂದರೆ, ಯಾರು ಎಂದಿನೊಳಗೆ ಸರಿಪಡಿಸುತ್ತಾರೆ ಎಂಬಿಷ್ಟು ಸಾಕು; ಆ ಕೊನೆಯ ಕಲಂನಲ್ಲಿ ಮಾತ್ರ ಮಾಲೀಕನ ಹೆಸರು ಆಗಾಗ ಬರುತ್ತಿರಬೇಕು.

ಹೆಚ್ಚು ಮಾಡಿದಷ್ಟೂ ಒಳ್ಳೆಯದೆಂಬ ಭ್ರಮೆಯೂ ಬೇಡ. ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದನ್ನು ಟೊಯೋಟಾ ಪದ್ಧತಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪೋಲೆಂದು ಎಣಿಸುತ್ತಾರೆ. ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನಮಗೆ ನೆನಪಾಗುತ್ತದೆ.

"ಕಲಿಸಿದರೆ ಹುಡುಗ ಬೇರೆಡೆಗೆ ಹೋಗುತ್ತಾನಲ್ಲ" ಎಂಬುದು ಮಾಲೀಕ ಬಂಧುಗಳ ದೂರು. ಕೆಲವರು ಹೋಗುತ್ತಾರೆ, ನಿಜ. ಕಲಿಯದವನು ಉಳಿದುಕೊಂಡು ಮಾಡುವ ನಷ್ಟವನ್ನೂ ಒಮ್ಮೆ ಬರೆದು ನೋಡಲಿ. ಕಲಿತವನಿಗೆ ಕಲಿತಷ್ಟು ಕೂಲಿ ಏರಿಸಿದರೆ ಹೋಗುವವರ ಸಂಖ್ಯೆಯೂ ತಗ್ಗೀತು.

ಮಗ ಇಂಜಿನಿಯರನೇ ಆಗಬೇಕೆಂದು ಸಾಲ ಮಾಡುವ ತಂದೆತಾಯಿಗಳಿಗೂ ಒಂದು ಮಾತು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳನ್ನು ಆರಿಸಿ, ಅಲ್ಲಿಯೇ ಇರಿಸಿಕೊಂಡು ಮೂರು ವರ್ಷ ಕಲಿಸುವ ವ್ಯವಸ್ಥೆಯಾಗಿ ರೂಪುಗೊಂಡಿತು. ಸರಕಾರಿ ಐ.ಟಿ.ಐ.ಗಳಂತೂ ತಾಲ್ಲೂಕು ತಾಲ್ಲೂಕಿನಲ್ಲಿವೆ. ಅಲ್ಲಿ ಫಿಟ್ಟರ್, ಟರ್ನರ್ ಕಲಿತ ವರನಿಗೆ ಕನ್ಯೆ ಕೊಡಲು ನಮ್ಮಲ್ಲಿ ಎಷ್ಟು ಮನೆಗಳು ಒಪ್ಪುತ್ತವೆಯೆಂಬುದನ್ನು ಮುಂದಿನ ವಧು-ವರರ ಸಮಾವೇಶದಲ್ಲಿ ಕೇಳಿ ನೋಡಬೇಕೆಂದಿದ್ದೇವೆ.