ಒಂದೇ ಬಾಣಲೆಯ ರಾತ್ರಿಯೂಟ

‘ಸಿ ಜೀವಸತ್ವದ ಕೊರತೆಯಿಂದ ಬರುವ ರೋಗ ಯಾವುದು?’ ಒಂದು ಅಂಕದ ಪ್ರಶ್ನೆ. ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ‘ಸ್ಕರ್ವಿ’ ಎಂದು ಬರೆದರೆ ಅಂಕ ಕೊಟ್ಟು ಮುಂದಿನ ಉತ್ತರಕ್ಕೆ ಹೋಗುತ್ತೇನೆ. ಆ ಉತ್ತರವನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದ ಹುಡುಗನೊಬ್ಬ ಈಗ ಹಂಗೆರಿ ದೇಶದ ಸೆಗೆಡ್ ಎಂಬ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಅವನು ಹೋದ ಮೂರನೆಯ ತಿಂಗಳು ಅವನ ತಾಯಿ ನಮ್ಮ ಮನೆಗೆ ಬಂದರು.

“ಸರ, ಅಂವ ಬರೇ ಬ್ರೆಡ್ಡು, ನೂಡಲ್ಸು ತಿಂದ್ಕೊಂಡು ಕುಂತಾನ್ರೀ. ಏಳು ಕಿಲೋ ಇಳಿದಾನಂತ. ವಾಪಸ್ ಬರ್ತೀನಿ ಅಂತಾನ. ಒಲಿ ಹಚ್ಚಾಕೂ ಬರಂಗಿಲ್ಲ ಅವಂಗ. ನಾವು ಬರೇ ಓದು ಓದು ಅಂದ್ವಿ” ಎಂದು ಕಣ್ಣು ಒರೆಸಿಕೊಂಡರು.

‘ನಾವು’ ಎಂದರಲ್ಲ, ಅದರಲ್ಲಿ ನಾನೂ ಇದ್ದೇನೆ ಎಂದು ನನಗೆ ಅನ್ನಿಸಿತು. ಜೀವಸತ್ವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ನಾನು, ಅವು ಸಂಜೆಯ ತಟ್ಟೆಗೆ ಬರುವ ದಾರಿಯನ್ನು ಅವನಿಗೆ ತೋರಿಸಿರಲಿಲ್ಲ. ಸಾಲ ಮಾಡಿ ಕಳುಹಿಸಿದ ಮಗ ಊಟದ ಕಾರಣಕ್ಕೆ ಓದು ಬಿಟ್ಟು ಬರುವುದೆಂದರೆ ಸಣ್ಣ ಮಾತಲ್ಲ.

ಆ ರಾತ್ರಿ ಹುಡುಗನಿಗೆ ಫೋನ್ ಮಾಡಿ, “ನಿನ್ನ ಊರಿನಲ್ಲಿ ಅಗ್ಗವಾಗಿ ಸಿಗುವ ತರಕಾರಿ ಯಾವುದಪ್ಪಾ?” ಎಂದು ಕೇಳಿದೆ. “ದೊಣ್ಣೆ ಮೆಣಸಿನಕಾಯಿ ಸರ್, ಎಲ್ಲಿ ನೋಡಿದರೂ ಅದೇ” ಎಂದ. ನನಗೆ ನಗು ಬಂತು. ಏಕೆಂದರೆ ಆ ಊರು ಮತ್ತು ಆ ಕಾಯಿ ಸೇರಿ ಒಂದು ನೊಬೆಲ್ ಪಾರಿತೋಷಕದ ಕಥೆಯೇ ಇದೆ. ಅದು ಶುರುವಾದದ್ದು ರಾತ್ರಿಯೂಟದ ತಟ್ಟೆಯಲ್ಲಿ!

ಆಲ್ಬರ್ಟ್ ಸೆಂಟ್-ಜಾರ್ಜಿ (1893-1986) ಹಂಗೆರಿಯ ವಿಜ್ಞಾನಿ. 1928ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ಅವರು ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಸಕ್ಕರೆಯಂಥ ಒಂದು ವಸ್ತುವನ್ನು ಬೇರ್ಪಡಿಸಿದರು. ಅದೇನೆಂದು ತಿಳಿಯದೆ, ‘ಗೊತ್ತಿಲ್ಲ’ ಎಂಬ ಅರ್ಥ ಬರುವಂತೆ ‘ಇಗ್ನೋಸ್’ ಎಂದು ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಹಾಗಾದರೆ ‘ಗಾಡ್‌ನೋಸ್’, ಅಂದರೆ ದೇವರೇ ಬಲ್ಲ, ಎಂದಿರಲಿ ಎಂದರು. ಸಂಪಾದಕರು ಅದನ್ನೂ ಒಪ್ಪಲಿಲ್ಲ! 1932ರ ಹೊತ್ತಿಗೆ ಅದೇ ಸಿ ಜೀವಸತ್ವ ಎಂಬುದು ಖಚಿತವಾಯಿತು. ಆದರೆ ಗ್ರಂಥಿಗಳಿಂದ ಸಿಕ್ಕಿದ್ದ ಅಲ್ಪಸ್ವಲ್ಪ ಸಂಗ್ರಹ ಮುಗಿಯುತ್ತ ಬಂದಿತ್ತು. ಹೆಚ್ಚು ಎಲ್ಲಿಂದ ತರುವುದು?

ಅಷ್ಟರಲ್ಲಿ ಅವರು ಸೆಗೆಡ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದಿದ್ದರು. ಒಂದು ರಾತ್ರಿ ಹೆಂಡತಿ ಊಟಕ್ಕೆ ಸಿಹಿ ಮೆಣಸಿನಕಾಯಿ ಬಡಿಸಿದರು. ಅವರಿಗೆ ತಿನ್ನಲು ಮನಸ್ಸಿರಲಿಲ್ಲ. ‘ಬೇಡ’ ಎನ್ನುವ ಧೈರ್ಯವೂ ಆಗಲಿಲ್ಲ. ‘ಇದನ್ನು ಇನ್ನೂ ಪರೀಕ್ಷೆ ಮಾಡಿಲ್ಲವಲ್ಲ’ ಎಂಬ ನೆಪ ಹೊಳೆದು, ಕಾಯಿಯನ್ನು ಪ್ರಯೋಗಾಲಯಕ್ಕೆ ಒಯ್ದರು. ಮಧ್ಯರಾತ್ರಿಯ ಹೊತ್ತಿಗೆ ಅದು ಸಿ ಜೀವಸತ್ವದ ಖಜಾನೆ ಎಂದು ಗೊತ್ತಾಗಿತ್ತು. ಗ್ರಾಂ ಲೆಕ್ಕದಲ್ಲಿದ್ದ ವಸ್ತು ಕೆಲವೇ ವಾರಗಳಲ್ಲಿ ಕಿಲೋ ಲೆಕ್ಕಕ್ಕೆ ಏರಿತು. 1937ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಸೆಗೆಡ್‌ನ ವೈದ್ಯಕೀಯ ವಿಭಾಗಕ್ಕೆ ಅವರದೇ ಹೆಸರಿದೆ. (ಮಕ್ಕಳೇ, ಇದನ್ನು ಓದಿ ತರಕಾರಿ ಬಿಡುವುದು ಸರಿಯೆಂದು ವಾದಿಸಬೇಡಿ. ಅವರು ಬಿಟ್ಟದ್ದನ್ನು ಎಸೆಯಲಿಲ್ಲ, ಪರೀಕ್ಷಿಸಿದರು!)

ಹುಡುಗನಿಗೆ ಕಥೆಯೇನೋ ಹಿಡಿಸಿತು. ಆದರೆ ಕಥೆಯಿಂದ ಹೊಟ್ಟೆ ತುಂಬುವುದಿಲ್ಲ. ಹಂಗೆರಿಯವರು ಇದೇ ಕಾಯಿಯಿಂದ ‘ಲೆಚೊ’ ಎಂಬ ಅಡುಗೆ ಮಾಡುತ್ತಾರೆ. ಒಂದೇ ಬಾಣಲೆ ಸಾಕು. ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಜೊತೆಗೆ ಹೊಗೆಯಾಡಿಸಿದ ಸಾಸೇಜ್. ಮಾಂಸವನ್ನು ಸಣ್ಣಗೆ ಕೊಚ್ಚಿ, ಉಪ್ಪು ಮಸಾಲೆ ಬೆರೆಸಿ, ಕೊಳವೆಯಂಥ ಪೊರೆಯಲ್ಲಿ ತುಂಬಿದ್ದೇ ಸಾಸೇಜ್. ಗೋವಾದ ಚೊರಿಸೊ ಕಂಡವರಿಗೆ ಇದು ಹೊಸತಲ್ಲ. ಹುಡುಗನ ಮನೆಯಲ್ಲಿ ಮಾಂಸ ತಿನ್ನುತ್ತಾರಾದ್ದರಿಂದ ಅಡ್ಡಿಯೇನೂ ಇರಲಿಲ್ಲ.

ಒಬ್ಬರಿಗೆ ಅಳತೆ ಹೀಗೆ: ಸಾಸೇಜ್ 100 ಗ್ರಾಂ, ದೊಡ್ಡ ಈರುಳ್ಳಿ ಒಂದು, ದೊಣ್ಣೆ ಮೆಣಸಿನಕಾಯಿ ಕಾಲು ಕಿಲೋ, ಟೊಮೆಟೊ ಎರಡು, ಎಣ್ಣೆ ಒಂದು ಚಮಚ, ಖಾರದ ಪುಡಿ, ಉಪ್ಪು. ಹಂತಗಳನ್ನು ಕಾರಣ ಸಹಿತ ಹೇಳುತ್ತೇನೆ. ಕಾರಣ ತಿಳಿದರೆ ಅಡುಗೆ ಮರೆಯುವುದಿಲ್ಲ.

ಮೊದಲು ಬಾಣಲೆ ಚೆನ್ನಾಗಿ ಕಾಯಲಿ. ಸಾಸೇಜ್ ಬಿಲ್ಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಎರಡೂ ಬದಿ ಕಂದು ಬಣ್ಣ ಬರುವವರೆಗೆ ಹುರಿಯಬೇಕು. ನೀರಿರುವಷ್ಟು ಹೊತ್ತು ಪದಾರ್ಥದ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಆಗ ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಯೂ ಕೂಡಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೈಯಾರ್ ಅವರ ಹೆಸರೇ ಈ ಕ್ರಿಯೆಗಿದೆ. ನಮ್ಮ ದೋಸೆಯ ಕೆಂಪು ಬಣ್ಣದ ಹಿಂದೆಯೂ ಇದೇ ಇದೆ. ಬಾಣಲೆಯಲ್ಲಿ ಕಿಕ್ಕಿರಿದು ತುಂಬಿದರೆ ನೀರಾವಿ ಹೊರಹೋಗದೆ, ಹುರಿಯುವ ಬದಲು ಬೇಯುತ್ತದೆ.

ಒಂದು ಎಚ್ಚರಿಕೆ. ಹಸಿ ಸಾಸೇಜ್ ಆದರೆ ನಡುಭಾಗ 71 ಡಿಗ್ರಿ ಮುಟ್ಟುವವರೆಗೆ ಬೇಯಬೇಕು. ಬಣ್ಣ ನೋಡಿ ನಂಬುವಂತಿಲ್ಲ. ಮಾಂಸ ಕೊಚ್ಚುವಾಗ ಹೊರಗಿನ ಸೂಕ್ಷ್ಮಾಣುಗಳು ಒಳಗೂ ಸೇರಿರುತ್ತವೆ.

ಸಾಸೇಜ್ ತೆಗೆದಿಟ್ಟು, ಉಳಿದ ಕೊಬ್ಬಿಗೆ ಎಣ್ಣೆ ಸೇರಿಸಿ ಈರುಳ್ಳಿ ಬಾಡಿಸಿ. ಈಗ ಬಾಣಲೆಯನ್ನು ಒಲೆಯಿಂದ ಇಳಿಸಿ, ಖಾರದ ಪುಡಿ ಹಾಕಿ ಕಲಸಿ. ಹಂಗೆರಿಯವರು ಪಾಪ್ರಿಕಾ ಪುಡಿಗೆ ಹೀಗೇ ಮಾಡುತ್ತಾರೆ. ಪುಡಿಯಲ್ಲಿ ಸಕ್ಕರೆ ಇರುವುದರಿಂದ ಬೇಗ ಸೀದು ಕಹಿಯಾಗುತ್ತದೆ. ಕೆಂಪು ಬಣ್ಣ ಮಾತ್ರ ಕೊಬ್ಬಿನಲ್ಲಿ ಕರಗುವಂಥದು, ನೀರಿನಲ್ಲಲ್ಲ. ಎಣ್ಣೆಯಲ್ಲಿ ಹಾಕಿದರೇ ಅದು ಬಿಟ್ಟುಕೊಳ್ಳುವುದು. ಹುಡುಗನ ಪೆಟ್ಟಿಗೆಯಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಬ್ಯಾಡಗಿ ಖಾರದ ಪುಡಿ ಒಡೆಯದೆ ಬಿದ್ದಿತ್ತು. ಬಣ್ಣ ಹೆಚ್ಚು, ಖಾರ ಕಡಿಮೆ. ಪಾಪ್ರಿಕಾಕ್ಕೆ ಇದಕ್ಕಿಂತ ಹತ್ತಿರದ ನೆಂಟ ನಮ್ಮಲ್ಲಿಲ್ಲ. ಎರಡರ ಮೂಲವೂ ಅಮೆರಿಕ ಖಂಡ. ನಮಗೆ ತಂದವರು ಪೋರ್ಚುಗೀಸರು.

ಬಳಿಕ ಸೀಳಿದ ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಉಪ್ಪು ಹಾಕಿ ಮುಚ್ಚಿ. ನೀರು ಬೇಡ, ಉಪ್ಪೇ ತರಕಾರಿಯ ನೀರನ್ನು ಹೊರಗೆಳೆಯುತ್ತದೆ. ಹತ್ತು ಹದಿನೈದು ನಿಮಿಷದ ನಂತರ ಸಾಸೇಜ್ ಮರಳಿ ಹಾಕಿ ಎರಡು ಕುದಿ ಬಂದರೆ ಮುಗಿಯಿತು. ಬ್ರೆಡ್ಡಿಗೂ ಆಗುತ್ತದೆ, ಅನ್ನಕ್ಕೂ ಆಗುತ್ತದೆ.

ಜೀವಸತ್ವದ ಲೆಕ್ಕ ನೋಡೋಣ. ಹಸಿರು ದೊಣ್ಣೆ ಮೆಣಸಿನಕಾಯಿಯ 100 ಗ್ರಾಂನಲ್ಲಿ ಸುಮಾರು 80 ಮಿಲಿಗ್ರಾಂ ಸಿ ಜೀವಸತ್ವವಿದೆ, ಕಿತ್ತಳೆಗಿಂತ ಹೆಚ್ಚು. ಹಣ್ಣಾಗಿ ಕೆಂಪಾದರೆ ಇನ್ನೂ ಹೆಚ್ಚು. ಕಾಲು ಕಿಲೋಗೆ 200 ಆಯಿತು. ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ನಾಶವಾಗುತ್ತದೆ. ಅರ್ಧ ಹೋಯಿತೆಂದೇ ಹಿಡಿಯಿರಿ, ಆದರೂ 100 ಉಳಿಯಿತು. ವಯಸ್ಕ ಗಂಡಸರಿಗೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ದಿನದ ಪ್ರಮಾಣ 80. ಒಂದೇ ಬಾಣಲೆಯ ಲಾಭ ಇಲ್ಲಿದೆ: ಬೇಯಿಸಿದ ನೀರನ್ನು ಬಸಿದು ಚೆಲ್ಲುವುದಿಲ್ಲ, ಕರಗಿದ್ದೆಲ್ಲ ರಸದಲ್ಲೇ ಇರುತ್ತದೆ.

ಹಾಗೆಂದು ದಿನವೂ ಸಾಸೇಜ್ ತಿನ್ನಲು ನಾನು ಹೇಳುವುದಿಲ್ಲ. ಹೀಗೆ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ವರ್ಗೀಕರಿಸಿದೆ. ವಾರಕ್ಕೊಮ್ಮೆ ಸಾಕು, ಉಳಿದ ದಿನ ಅದೇ ಬಾಣಲೆಗೆ ಎರಡು ಮೊಟ್ಟೆ ಒಡೆದು ಹಾಕು ಎಂದೆ. ಹಂಗೆರಿಯಲ್ಲಿ ಆ ಪದ್ಧತಿಯೂ ಇದೆ. ಮೊಟ್ಟೆಯನ್ನೂ ತಿನ್ನದ ಮನೆಯವರು ಅಕ್ಕಿ ಸೇರಿಸಿ ಬೇಯಿಸಬಹುದು, ಆಗ ಮಾತ್ರ ನೀರು ಹಾಕಬೇಕು.

ಮೊದಲ ದಿನ ಈರುಳ್ಳಿ ಸೀದು ಕೋಣೆಯೆಲ್ಲ ಹೊಗೆಯಾಯಿತಂತೆ. ಮೂರನೆಯ ಸಲ ಫೋನಿನಲ್ಲೇ ಬಾಣಲೆ ತೋರಿಸಿದ. ಕೆಂಪು ಎಣ್ಣೆ ತೇಲುತ್ತಿತ್ತು. ವಾಪಸ್ ಬರುವ ಮಾತು ಈಗ ನಿಂತಿದೆ. ಅವನ ತಾಯಿ ಮೊನ್ನೆ ಸಂತೆಯಲ್ಲಿ ಸಿಕ್ಕು, “ಸಣ್ಣಾಂವಂಗೂ ಚಾ ಮಾಡೂದು ಕಲಸಾಕತ್ತೀನ್ರೀ ಸರ” ಎಂದರು.

ತಂದೆ ತಾಯಂದಿರೇ, ಹತ್ತನೆಯ ತರಗತಿ ಮುಗಿಯುವುದರೊಳಗೆ ನಿಮ್ಮ ಮಗ, ಮಗಳು ಇಬ್ಬರಿಗೂ ಒಂದು ಊಟ ಮಾಡುವಷ್ಟು ಕಲಿಸಿ. ಭಾನುವಾರದ ಒಂದು ಗಂಟೆ ಸಾಕು, ಒಲೆಯ ಬಳಿ ನೀವೂ ನಿಂತಿರಿ. ನಾನು ನನ್ನ ಪ್ರಶ್ನೆಗೆ ಇನ್ನೊಂದು ಸೇರಿಸಿದ್ದೇನೆ: ‘ನೀನು ನಿನ್ನೆ ರಾತ್ರಿ ಉಂಡ ಊಟದಲ್ಲಿ ಸಿ ಜೀವಸತ್ವ ಯಾವುದರಲ್ಲಿತ್ತು?’ ಇದಕ್ಕೆ ಎರಡು ಅಂಕ.